ನೇಪಾಳದ ಲಮ್ಜುಂಗ್‌ನಲ್ಲಿ ಸ್ವಯಂಸೇವೆ ಮುಗಿದ ಮೇಲೆ ಐದು ದಿನ: ಹನ್ನೆರಡು ಜನರ ಗುಂಪು ಏನೇನು ನೋಡಬಹುದು?

ಪ್ರಶ್ನೆ

ಲಮ್ಜುಂಗ್ ಜಿಲ್ಲೆಯ ಕೇಂದ್ರ ಬೇಸಿಸಹರ್‌ನಿಂದ ಮೇಲಿರುವ ಹಳ್ಳಿಯ ಶಾಲೆಯಲ್ಲಿ ಕೆಲಸ ಮುಗಿಸಿ ಅಕ್ಟೋಬರ್‌ನಲ್ಲಿ ಕೆಳಗಿಳಿಯುತ್ತೇವೆ. ಒಂಬತ್ತು ಜನ ಭಾರತೀಯರು, ಮೂವರು ಜರ್ಮನ್ನರು. ಆರನೇ ದಿನ ಬೆಳಿಗ್ಗೆ ಕಠ್ಮಂಡುವಿನಿಂದ ವಿಮಾನ. ಪಟ್ಟಿಯಲ್ಲಿರುವುದು ಪೋಖರಾ, ಘಾಂದ್ರುಕ್ ಹೋಂಸ್ಟೇ, ಮುಕ್ತಿನಾಥ, ಭಕ್ತಪುರ, ಪಶುಪತಿನಾಥ. ಇಷ್ಟೂ ಆಗುತ್ತದಾ? ಖರ್ಚನ್ನು ಹನ್ನೆರಡು ಸಮಪಾಲು ಮಾಡಿದರೆ ಸರಿಯಾ?

ಉತ್ತರ 1

ಆಗುವುದಿಲ್ಲ. ಮೊದಲು ಮುಕ್ತಿನಾಥ ಬಿಡಿ. ಪೋಖರಾದಿಂದ ಮುಕ್ತಿನಾಥಕ್ಕೆ ಹತ್ತಿರದ ವಿಮಾನ ನಿಲ್ದಾಣವಾದ ಜೋಮ್‌ಸೋಮ್‌ಗೆ ಚಿಕ್ಕ ವಿಮಾನಗಳು ಹಾರುವುದು ಬೆಳಗಿನ ಹೊತ್ತು ಮಾತ್ರ. ಹೊತ್ತೇರಿದಂತೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಮೋಡವಿದ್ದರಂತೂ ಬೆಳಿಗ್ಗೆಯೂ ರದ್ದು. ಒಂದು ದಿನ ತಪ್ಪಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ದೇವಸ್ಥಾನ ಇರುವುದು 3,700 ಮೀಟರಿಗೂ ಮೇಲೆ. ಪೋಖರಾ ಸುಮಾರು 800 ಮೀಟರು. ಒಂದೇ ದಿನದಲ್ಲಿ ಅಷ್ಟು ಏರಿದರೆ ಹನ್ನೆರಡರಲ್ಲಿ ಒಬ್ಬಿಬ್ಬರಿಗಾದರೂ ತಲೆನೋವು, ವಾಂತಿ ಬರುವ ಸಾಧ್ಯತೆ ಇದ್ದೇ ಇದೆ.

ಇನ್ನು ಘಾಂದ್ರುಕ್. ಅದು ಗುರುಂಗ್ ಎಂಬ ಬೆಟ್ಟದ ಸಮುದಾಯದವರ ಹಳ್ಳಿ. ಲಮ್ಜುಂಗ್‌ನ ಮೇಲ್ಭಾಗವೂ ಗುರುಂಗರದೇ ನಾಡು. ಅಷ್ಟು ದಿನ ಅವರ ನಡುವೆಯೇ ಇದ್ದು, ಮತ್ತೆ ಅದೇ ಬಗೆಯ ಮನೆ, ಅದೇ ಊಟಕ್ಕೆ ಎರಡು ದಿನ ಕೊಡುವುದಕ್ಕಿಂತ ಬಂದೀಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಬೇಸಿಸಹರ್‌ನಿಂದ ಇಳಿದಾಗ ಹೆದ್ದಾರಿ ಸಿಗುವ ಡುಮ್ರೆಯಿಂದ ಬರೀ 8 ಕಿ.ಮೀ. ಕಠ್ಮಂಡು ಕಣಿವೆ ಮೂಲದ ನೇವಾರ್ ಸಮುದಾಯದ ವ್ಯಾಪಾರಿಗಳ ಹಳೆಯ ಊರು, ಇಟ್ಟಿಗೆ ಮನೆ, ಕೆತ್ತನೆ ಕಿಟಕಿ. ಪೇಟೆಬೀದಿಗೆ ವಾಹನ ಬಿಡುವುದಿಲ್ಲ, ಲಗೇಜು ಹೊತ್ತೇ ಹೋಗಬೇಕು.

ನನ್ನ ಲೆಕ್ಕ ಹೀಗೆ: ಮೊದಲ ರಾತ್ರಿ ಬಂದೀಪುರ, ಮುಂದಿನ ಎರಡು ರಾತ್ರಿ ಪೋಖರಾ, ನಾಲ್ಕನೇ ದಿನ ಪೂರ್ತಿ ಕಠ್ಮಂಡು ಪ್ರಯಾಣಕ್ಕೆ, ಐದನೇ ದಿನ ಬೆಳಿಗ್ಗೆ ಭಕ್ತಪುರ, ಸಂಜೆ ಪಶುಪತಿ. ಪೋಖರಾದಿಂದ ಕಠ್ಮಂಡು 200 ಕಿ.ಮೀ. ಅಷ್ಟೇ, ಆದರೆ ಪೃಥ್ವಿ ಹೆದ್ದಾರಿ ಅಗಲೀಕರಣ, ಟ್ರಾಫಿಕ್ ಎಲ್ಲ ಸೇರಿ ಎಂಟು-ಹತ್ತು ಗಂಟೆ ತಿನ್ನುವುದುಂಟು. ವಿಮಾನ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಅದನ್ನು ಆರಿಸಿಕೊಂಡರೆ ಅರ್ಧ ದಿನ ಉಳಿಯಿತು, ಆದರೆ ಬ್ಯಾಗಿನ ತೂಕದ ಮಿತಿ ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ಪೋಖರಾದಲ್ಲಿ ಹಿಮಶಿಖರ ನೋಡಲು ಸಾರಂಗಕೋಟ್ ಗುಡ್ಡಕ್ಕೆ ಬೆಳಿಗ್ಗೆ ಐದೂವರೆಗೆಲ್ಲ ತಲುಪಿರಿ. ಒಂಬತ್ತು-ಹತ್ತರ ಹೊತ್ತಿಗೆ ಮಚ್ಛಪುಚ್ಛ್ರೆ ಶಿಖರಕ್ಕೆ ಮೋಡ ಮುಚ್ಚಿಕೊಳ್ಳುವುದೇ ಹೆಚ್ಚು.

ಉತ್ತರ 2

ಸಮಪಾಲು ಮಾಡಬೇಡಿ, ಜಗಳಕ್ಕೆ ದಾರಿ. ಊಟ, ರೂಮು, ವ್ಯಾನು ಸಮಪಾಲು. ಪ್ರವೇಶ ಶುಲ್ಕ, ಪರ್ಮಿಟ್, ದೇಶದೊಳಗಿನ ವಿಮಾನ ಅವರವರ ಲೆಕ್ಕ. ನೇಪಾಳದಲ್ಲಿ ಇವಕ್ಕೆಲ್ಲ ಸ್ಥಳೀಯರಿಗೊಂದು, ಭಾರತೀಯರಿಗೆ ಅಥವಾ ಸಾರ್ಕ್ (ಭಾರತವೂ ಸೇರಿದ ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಿಗೊಂದು, ಉಳಿದ ವಿದೇಶಿಯರಿಗೊಂದು ದರ. ಪಶುಪತಿಯಲ್ಲಿ ಭಾರತೀಯರಿಗೆ ಟಿಕೆಟ್ ಇಲ್ಲ, ಜರ್ಮನ್ನರು ತಲಾ 1,000 ನೇಪಾಳಿ ರೂಪಾಯಿ ಕೊಡಬೇಕು. ಎಲ್ಲ ಕಡೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ತೋರಿಸಿದರಷ್ಟೇ ನಿಮ್ಮ ದರ.

ಘಾಂದ್ರುಕ್ ಬಿಡಿ ಎನ್ನುವುದನ್ನು ಪೂರ್ತಿ ಒಪ್ಪುವುದಿಲ್ಲ. ಅನ್ನಪೂರ್ಣ ಸೌತ್ ಶಿಖರ ಅಲ್ಲಿಂದ ಕಾಣುವಷ್ಟು ಹತ್ತಿರದಲ್ಲಿ ಪೋಖರಾದಿಂದ ಕಾಣುವುದಿಲ್ಲ. ಹೋಗುವುದಾದರೆ ಬಂದೀಪುರ ಬಿಡಿ, ಪೋಖರಾದಲ್ಲೇ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಮಾಡಿಸಿ: ಸಾರ್ಕ್‌ನವರಿಗೆ 1,000, ಉಳಿದವರಿಗೆ 3,000. ನಿಮ್ಮ ಹಳ್ಳಿಯೂ ಅದೇ ಪ್ರದೇಶದೊಳಗಿದ್ದು ಹಳೆಯ ಪರ್ಮಿಟ್ ಕೈಯಲ್ಲಿದ್ದರೂ ನಡೆಯುವುದಿಲ್ಲ. ಅದು ಒಂದು ಸಲದ ಪ್ರವೇಶಕ್ಕೆ ಮಾತ್ರ, ಹೊರಬಿದ್ದರೆ ಮುಗಿಯಿತು. 2023ರ ಏಪ್ರಿಲ್‌ನಿಂದ ಚಾರಣದ ದಾರಿಗಳಲ್ಲಿ ಗೈಡ್ ಕಡ್ಡಾಯ ಎಂಬ ನಿಯಮವೂ ಇದೆ. ಆ ಖರ್ಚನ್ನೂ ಸೇರಿಸಿಕೊಳ್ಳಿ.

ದುಡ್ಡಿನ ವಿಷಯ: ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ, ನಿಗದಿತ ದರ. ಬೆಲೆ ಕೇಳಿದಾಗ 'ಐಸಿಯೋ (ಭಾರತೀಯ ರೂಪಾಯಿ) ಎನ್‌ಸಿಯೋ (ನೇಪಾಳಿ ರೂಪಾಯಿ)' ಎಂದು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. 2024ರ ಮಾರ್ಚ್‌ನಿಂದ ಫೋನ್‌ಪೇ ಜಾಲದ (ನೇಪಾಳದ್ದು, ನಮ್ಮ ಫೋನ್‌ಪೇ ಅಲ್ಲ) ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಬೆಟ್ಟದ ಮೇಲೆ ಅದನ್ನು ನಂಬಬೇಡಿ, ನಗದು ಇರಲಿ.

ವ್ಯಾನಿಗೆ ಹಸಿರು ನಂಬರ್ ಪ್ಲೇಟ್ ಇದೆಯಾ ನೋಡಿ. ಅದು ಪ್ರವಾಸಿ ವಾಹನದ ಗುರುತು. ಕೆಂಪು ಪ್ಲೇಟ್ ಎಂದರೆ ಖಾಸಗಿ ಗಾಡಿ. ಅಗ್ಗಕ್ಕೆ ಬಂದರೂ ಬಾಡಿಗೆಗೆ ಓಡಿಸುವಂತಿಲ್ಲ, ದಾರಿಯಲ್ಲಿ ಪೊಲೀಸರು ತಡೆದರೆ ಇಡೀ ಗುಂಪು ರಸ್ತೆಯಲ್ಲಿ.

ಜರ್ಮನ್ನರ ವೀಸಾ ಯಾವತ್ತಿಗೆ ಮುಗಿಯುತ್ತದೆ ಎಂದು ಈಗಲೇ ಎಣಿಸಿ.

ಉತ್ತರ 3

ಪಶುಪತಿಯ ಬಗ್ಗೆ. ಮುಖ್ಯ ದೇವಾಲಯದೊಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ. ಚರ್ಮದ ಬೆಲ್ಟು, ಪರ್ಸು ಹೊರಗಿಡಬೇಕು, ಒಳಗೆ ಫೋಟೋ ಇಲ್ಲ. ಗರ್ಭಗುಡಿಯ ಪೂಜೆ ದಕ್ಷಿಣ ಭಾರತದ ಭಟ್ಟರದು, ಹೆಚ್ಚಿನವರು ಕರ್ನಾಟಕದವರೇ, ಹಾಗಾಗಿ ನಮ್ಮವರಿಗೆ ಅಲ್ಲಿ ತುಸು ಸಲಿಗೆ ಅನಿಸಬಹುದು. ಗುಂಪು ಒಡೆಯಬಾರದು ಅಂದರೆ ದರ್ಶನವನ್ನು ಬೇಗ ಮುಗಿಸಿ, ಬಾಗ್ಮತಿಯ ಪೂರ್ವ ದಡದಲ್ಲಿ ಸೇರಿ. ಸಂಜೆಯ ಆರತಿಯನ್ನು ಅಲ್ಲಿಂದ ಎಲ್ಲರೂ ಒಟ್ಟಿಗೆ ನೋಡಬಹುದು. ಎದುರಿನ ಆರ್ಯಘಾಟ್‌ನಲ್ಲಿ ಚಿತೆ ಉರಿಯುತ್ತಿರುತ್ತದೆ, ಕ್ಯಾಮೆರಾ ಅತ್ತ ತಿರುಗಿಸದಂತೆ ಮೊದಲೇ ಹೇಳಿಡಿ.

ಭಕ್ತಪುರದಲ್ಲಿ ನ್ಯಾತಪೋಲ ನೋಡದೆ ಬರಬೇಡಿ. 1702ರ ಐದಂತಸ್ತಿನ ಗುಡಿ, 2015ರ ಭೂಕಂಪದಲ್ಲಿ ಅದೇ ಊರಿನ ವತ್ಸಲಾ ದೇವಿಯ ಗುಡಿ ನೆಲಕ್ಕುರುಳಿದಾಗಲೂ ಇದು ನಿಂತಿತು. ಕುಂಬಾರರ ಚೌಕದಲ್ಲಿ ಬಿಸಿಲಿಗೆ ಸಾಲುಸಾಲಾಗಿ ಒಣಹಾಕಿದ ಮಡಕೆಗಳ ಮಧ್ಯೆ ಕಾಲಿಡಲು ಜಾಗ ಹುಡುಕಬೇಕು. ಜುಜು ಧೌ ಎಂಬ ಗಟ್ಟಿ ಮೊಸರನ್ನು ಮಣ್ಣಿನ ಕುಡಿಕೆಯಲ್ಲೇ ಕೊಡುತ್ತಾರೆ.

ಹೋಂಸ್ಟೇಗೆ ಹೋದರೆ ಎಂಜಲಿನ ವಿಷಯ ಜರ್ಮನ್ನರಿಗೆ ಹೇಳಿಕೊಡಿ: ತಾನು ತಿಂದ ಚಮಚವನ್ನು ಸಾರಿನ ಪಾತ್ರೆಗೆ ಹಾಕುವಂತಿಲ್ಲ, ಒಲೆಯ ಹತ್ತಿರ ಕರೆಯದೆ ಹೋಗುವಂತಿಲ್ಲ. ಹನ್ನೆರಡು ಜನ ಒಂದೇ ಮನೆಯಲ್ಲಿ ಹಿಡಿಯುವುದಿಲ್ಲ, ಮೂರ್ನಾಲ್ಕು ಮನೆಗೆ ಹಂಚುತ್ತಾರೆ. ಹಾಡು-ಕುಣಿತ ಬೇಕಿದ್ದರೆ ಹಿಂದಿನ ದಿನವೇ ತಿಳಿಸಿ ದರ ಮಾತಾಡಿ.

ಒಂದು ಮಾತು ಮೇಲೆ ಯಾರೂ ಹೇಳಲಿಲ್ಲ. ನೇಪಾಳದ ದೊಡ್ಡ ಹಬ್ಬ ದಶೈನ್ ಬರುವುದು ನಮ್ಮ ನವರಾತ್ರಿಯ ಹೊತ್ತಿಗೇ. ಏಳನೇ ದಿನ ಫೂಲಪಾತಿಯಿಂದ ದಶಮಿವರೆಗೆ ಕಚೇರಿ ಮುಚ್ಚಿರುತ್ತದೆ, ಚಾಲಕರು ಊರಿಗೆ ಹೋಗಿರುತ್ತಾರೆ, ಬಸ್ ಸೀಟು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಮುಕ್ತಿನಾಥ, ಘಾಂದ್ರುಕ್ ಎರಡೂ ಕೈಬಿಟ್ಟೆವು. ಎರಡನೇ ದಿನವೇ ಫೂಲಪಾತಿ ಬೀಳುತ್ತದೆ. ಹಾಗಿದ್ದರೆ ವ್ಯಾನನ್ನು ಯಾವಾಗ ಗೊತ್ತುಮಾಡಬೇಕು?

ಉತ್ತರ 2

ಹಳ್ಳಿಯಿಂದ ಇಳಿಯುವ ಮುಂಚೆಯೇ. ಐದೂ ದಿನಕ್ಕೆ ಒಂದೇ ವ್ಯಾನು, ಒಬ್ಬನೇ ಚಾಲಕ, ಹಬ್ಬದಲ್ಲೂ ಬರುತ್ತೇನೆಂದು ಒಪ್ಪಿದವನು. ಮುಂಗಡ ಕೊಟ್ಟು ಗಾಡಿ ನಂಬರ್, ಇಂಧನ, ಚಾಲಕನ ಊಟ-ವಸತಿ ಯಾರದು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದಶಮಿಯ ದಿನ ಅವನಿಗೆ ಮನೆಯಲ್ಲಿ ಹಿರಿಯರಿಂದ ಟೀಕಾ (ಹಣೆಗೆ ತಿಲಕ) ಹಾಕಿಸಿಕೊಳ್ಳಲು ಬಿಡುವು ಬೇಕಾಗುತ್ತದೆ, ಆ ಹೊತ್ತನ್ನೂ ಮೊದಲೇ ಮಾತಾಡಿ.