ಕಾರಂಜಿಯೋ, ಅರಮನೆ ದೀಪವೋ: ನಮ್ಮನೆ ಗುಂಪಿನಲ್ಲಿ ಒಂದು ದಿನದ ಜಗಳ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶುರುವಾದದ್ದು ರಾತ್ರಿ ಹತ್ತಾದರೂ ನಿಂತಿರಲಿಲ್ಲ. ಮೈಸೂರಿಗೆ ಒಂದು ದಿನದ ಟೂರ್ ಹೊರಟವರಿಗೆ ಉಪಯೋಗಕ್ಕೆ ಬಂದೀತು ಅಂತ, ಎಲ್ಲರನ್ನೂ ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ನನ್ನ ಫೋನಿನಲ್ಲಿ ಯಾರು ಹೇಗೆ ಸೇವ್ ಆಗಿದ್ದಾರೋ ಹಾಗೇ ಬಿಟ್ಟಿದ್ದೇನೆ. ಶುಭೋದಯದ ಗುಲಾಬಿ ಹೂಗಳನ್ನು ಮಾತ್ರ ಅಳಿಸಿದ್ದೇನೆ. ಒಂಬತ್ತಿದ್ದವು.

ದೊಡ್ಡಪ್ಪ (7:12): [ಕರಪತ್ರದ ಫೋಟೋ] ಎಲ್ಲರೂ ನೋಡಿ. ಮುಂದಿನ ಭಾನುವಾರ. 12 ಸೀಟಿನ ಗಾಡಿ, ಗೈಡ್ ಸಮೇತ. ಬೆಳಿಗ್ಗೆ 6:30ಕ್ಕೆ ಬೆಂಗಳೂರು ಬಿಡೋದು, ರಾತ್ರಿ 11ಕ್ಕೆ ವಾಪಸ್. ಮದ್ದೂರಲ್ಲಿ ತಿಂಡಿ, ಶ್ರೀರಂಗಪಟ್ಟಣ, ಚಾಮುಂಡಿ ಬೆಟ್ಟ, ಝೂ, ಅರಮನೆ, ಚರ್ಚು, ರೇಷ್ಮೆ ಮಳಿಗೆ. ಸಂಜೆ ಬೃಂದಾವನದ ಸಂಗೀತ ಕಾರಂಜಿ, ಅದಾದ ಮೇಲೆ ಅರಮನೆ ದೀಪಾಲಂಕಾರ. ಅಡ್ವಾನ್ಸ್ ಕೊಟ್ಟಾಗಿದೆ. ಯಾರೂ ಕೊಂಕು ತೆಗೀಬೇಡಿ.

ಜಯನಗರ ಚಿಕ್ಕಮ್ಮ (7:20): ಸೂಪರ್ ಭಾವ 🙏 ರೇಷ್ಮೆ ಮಳಿಗೆಗೆ ಎಷ್ಟು ಹೊತ್ತು?

ನಾನು (7:31): ಕರಪತ್ರದಲ್ಲಿದೆ ಚಿಕ್ಕಮ್ಮ. ಮಳಿಗೆ ಒಂದು ಗಂಟೆ. ಬೆಟ್ಟದ ನಂದಿ ಹತ್ತು ನಿಮಿಷ.

ಅಕ್ಕ (7:33): ಎಕ್ಸ್‌ಪ್ರೆಸ್‌ವೇಲಿ ಹೋದ್ರೆ ಮದ್ದೂರು ಎಲ್ಲಿ ಸಿಗುತ್ತೆ? ವಡೆ ಬೇಕಂದ್ರೆ ಸರ್ವಿಸ್ ರಸ್ತೆಗೆ ಇಳೀಬೇಕು.

ದೊಡ್ಡಪ್ಪ (7:34): ಇಳಿಯೋಣ. ಕೊಂಕು ಬೇಡ ಅಂದೆ.

ಮೈಸೂರು ಅತ್ತೆ (8:05): ಅಣ್ಣ, ಈ ಚೀಟಿ ಬರೆದವನು ಮೈಸೂರಿಗೆ ಬಂದಿದಾನಾ? ಭಾನುವಾರ ಅರಮನೆ ದೀಪ ಹಾಕೋದು 7 ಗಂಟೆಗೆ, ಆರಿಸೋದು 7:45ಕ್ಕೆ. ಕಾರಂಜಿ ಶುರುವಾಗೋದೇ 6:30ಕ್ಕೆ. ಕೆಆರ್‌ಎಸ್ ನಮ್ಮಲ್ಲಿಂದ ಇಪ್ಪತ್ತು ಕಿಲೋಮೀಟರ್. ಗಾಡಿ ನಿಲ್ಸಿ, ತೋಟ ಪೂರ್ತಿ ನಡೆದು, ಸೇತುವೆ ದಾಟಿ ಆಚೆ ಹೋದ್ರೆ ಕಾರಂಜಿ. ಮತ್ತೆ ಅಷ್ಟೇ ದೂರ ಜನದ ಮಧ್ಯೆ ವಾಪಸ್ ನಡೀಬೇಕು. ಎರಡೂ ಹೇಗೆ ನೋಡ್ತೀರ?

ದೊಡ್ಡಪ್ಪ (8:09): ಗೈಡ್ ಆಗುತ್ತೆ ಅಂದಿದ್ದಾನೆ.

ಧಾರವಾಡ ಭಾವ (8:15): ಮಾವಾರ, ಹೋದ ವರ್ಷ ನಮ್ಮ ಆಫೀಸ್ ಮಂದಿಗೂ ಗೈಡ್ ಆಗತೈತಿ ಅಂದಿದ್ದ ನೋಡ್ರಿ. ಕಾರಂಜಿ ಅರ್ಧಕ್ಕ ಬಿಟ್ಟು ಓಡಿಬಂದ್ವಿ. ಅರಮನಿ ಗೇಟಿನ ಮುಂದ ಬಸ್ ಇಳದ್ವಿ, ತಲಿ ಎತ್ತಿದ್ವಿ, ಭಕ್ ಅಂತ ಎಲ್ಲಾ ಆರಿದ್ವು. ಒಂದ ಫೋಟೋ ಐತಿ. ಅದರಾಗ ನಮ್ಮ ಮ್ಯಾನೇಜರ್ ಬಾಯಿ ತಕ್ಕೊಂಡು ನಿಂತದ್ದು ಅಷ್ಟ ಕಾಣಸ್ತೈತಿ.

ಅಕ್ಕ (8:16): ಆ ಫೋಟೋ ಹಾಕಬೇಡಿ ಅಂತ ಎಷ್ಟು ಸಲ ಹೇಳಿದೀನಿ.

ಧಾರವಾಡ ಭಾವ (8:16): [ಫೋಟೋ]

(ನಿಜಕ್ಕೂ ಬಾಯಿ ಮಾತ್ರ ಕಾಣುತ್ತೆ.)

ಚಿತ್ರಕಲೆ ಪುಟ್ಟಿ (9:40): ದೊಡ್ಡಪ್ಪ, ಕರಪತ್ರದಲ್ಲಿ ‘ಅರಮನೆಯಲ್ಲಿ ರವಿವರ್ಮನ ದೀಪದ ಹುಡುಗಿ’ ಅಂತ ಹಾಕಿದಾರೆ. ಒಂದೇ ಸಾಲಲ್ಲಿ ಎರಡು ತಪ್ಪು. ಆ ಚಿತ್ರ ದೊಡ್ಡ ಅರಮನೇದಲ್ಲ, ಜಗನ್ಮೋಹನ ಅರಮನೆ ಸಂಗ್ರಹದ್ದು. ಬರೆದವರು ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳೇ, ಗೀತಾ. ಜಲವರ್ಣದಲ್ಲಿ ಬರೆದದ್ದು. ರವಿವರ್ಮ ಸತ್ತಿದ್ದು 1906ರಲ್ಲಿ.

ದೊಡ್ಡಪ್ಪ (9:52): ನಮ್ಮ ಮನೆ ಕ್ಯಾಲೆಂಡರಿನಲ್ಲಿ ರವಿವರ್ಮ ಅಂತಲೇ ಇತ್ತು.

ಚಿತ್ರಕಲೆ ಪುಟ್ಟಿ (9:53): ಕ್ಯಾಲೆಂಡರ್ ಅಚ್ಚು ಹಾಕಿದವರಿಗೂ ಇದೇ ಗೈಡ್ ಹೇಳಿರ್ಬೇಕು.

ಚಿತ್ರಕಲೆ ಪುಟ್ಟಿ (9:55): ನನ್ನ ಕೇಳಿದ್ರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಒಂದು ಸಾಕು. 1784ರ ಕಟ್ಟಡ, ಪಡುವಣ ಗೋಡೆ ತುಂಬ ಪೊಲ್ಲಿಲೂರು ಯುದ್ಧ. ಹೈದರ್, ಟಿಪ್ಪು ಆನೆ ಮೇಲೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಪತಿ. ಅದಕ್ಕೆ 15 ನಿಮಿಷ ಕೊಟ್ಟಿದಾರೆ. ಚಪ್ಪಲಿ ಬಿಡೋಕೇ ಅಷ್ಟು ಬೇಕು.

ಜಯನಗರ ಚಿಕ್ಕಮ್ಮ (10:20): ಎಲ್ಲದಕ್ಕೂ ಸಮಯ ಇಲ್ಲ ಅಂದ್ರೆ ರೇಷ್ಮೆ ಮಳಿಗೆ ಬಿಡಬೇಡಿ ಅಷ್ಟೇ.

ಮೈಸೂರು ಅತ್ತೆ (10:31): ಮೈಸೂರು ಸಿಲ್ಕ್ ಬೇಕಿದ್ರೆ ಮಾನಂದವಾಡಿ ರಸ್ತೆಯ ಸರ್ಕಾರಿ ಕೆಎಸ್‌ಐಸಿ ಕಾರ್ಖಾನೆಗೆ ನಾನೇ ಕರ್ಕೊಂಡು ಹೋಗ್ತೀನಿ. 1912ರಿಂದ ನೇಯ್ತಿದಾರೆ. ಸೀರೆ ಸೀರೆಗೂ ನಂಬರ್ ಇರುತ್ತೆ. ಗೈಡ್ ಕರ್ಕೊಂಡು ಹೋಗೋ ಅಂಗಡೀಲಿ ನಂಬರ್ ಇರೋದು ಅವನ ಕಮಿಷನ್ನಿಗೆ.

ಮಧ್ಯಾಹ್ನ ಯಾರೂ ಮಾತಾಡಲಿಲ್ಲ. ಊಟ, ನಿದ್ದೆ. ನಾಲ್ಕಕ್ಕೆ ನಾನೇ ಬಾಯಿ ಹಾಕಿದೆ. ಹಾಕಬಾರದಿತ್ತು.

ನಾನು (4:02): ದೊಡ್ಡಪ್ಪ, ಕಾರಂಜಿ ಬಿಟ್ಟುಬಿಡೋಣ. ಹಾಡಿಗೆ ನೀರು ಕುಣಿಯೋದು ಈಗ ಮಾಲ್‌ಗಳಲ್ಲೂ ಇದೆ. ಹತ್ತಿರ ಹತ್ತಿರ ಲಕ್ಷ ಬಲ್ಬು ಒಟ್ಟಿಗೇ ಹತ್ತೋದು ಬೇರೆಲ್ಲೂ ಸಿಗಲ್ಲ.

ದೊಡ್ಡಪ್ಪ (4:03): ಮಾಲ್?

ದೊಡ್ಡಪ್ಪ (4:11): ಮೂವತ್ತೊಂದು ವರ್ಷ ನೀರಾವರಿ ಇಲಾಖೆಯಲ್ಲಿ ಮಣ್ಣು ಹೊತ್ತವನಿಗೆ ಮಾಲ್ ಕಥೆ ಹೇಳ್ತೀಯ. ನನಗೆ ಕುಣಿಯೋ ನೀರು ಬೇಕಾಗಿಲ್ಲ. ನಿಂತ ನೀರು ಬೇಕು. 1911ರಲ್ಲಿ ಕೆಲಸ ಶುರುವಾದ ಕಟ್ಟೆ ಅದು, ಸಿಮೆಂಟ್ ಅಲ್ಲ, ಸುರ್ಕಿ ಗಾರೆ. ಇಟ್ಟಿಗೆ ಪುಡಿ, ಸುಣ್ಣ. 124.80 ಅಡಿ ತುಂಬಿದಾಗ ಆ ಗೋಡೆ ಹಿಡಿದು ನಿಲ್ಲೋದನ್ನ ನೋಡಬೇಕು. ವಿಶ್ವೇಶ್ವರಯ್ಯನವರು ತಾನಾಗೇ ತೆರೆಯೋ ಗೇಟು ಮಾಡಿ ಖಡಕ್‌ವಾಸ್ಲಾದಲ್ಲಿ ಕೂರಿಸಿದ್ರಲ್ಲ, ಅದೇ ಬಗೆ ಗೇಟು ಇಲ್ಲೂ ಬಂತು. ತೋಟ ಆಮೇಲೆ ಬಂದದ್ದು, ದಿವಾನ್ ಮಿರ್ಜಾ ಸಾಹೇಬರ ಕಾಲದಲ್ಲಿ. ನೀವೆಲ್ಲ ಕೆಆರ್‌ಎಸ್ ಅಂದ್ರೆ ಕಲರ್ ಲೈಟು ಅಂದ್ಕೊಂಡಿದ್ದೀರಿ.

ಇದು ಯಾರಿಗೂ ಗೊತ್ತಿರಲಿಲ್ಲ. ಮುದುಕರಿಗೆ ಲೈಟಿನ ಹುಚ್ಚು ಅಂತಲೇ ನಾವು ಬೆಳಿಗ್ಗೆಯಿಂದ ವಾದ ಮಾಡಿದ್ದು.

ಮೈಸೂರು ಅತ್ತೆ (4:20): ಅಯ್ಯೋ ಅಣ್ಣ, ಅಣೆಕಟ್ಟು ನೋಡೋಕೆ ರಾತ್ರಿ ಯಾಕೆ ಹೋಗ್ಬೇಕು? ಕತ್ತಲಲ್ಲಿ ಗಾರೆ ಕಾಣುತ್ತಾ?

ದೊಡ್ಡಪ್ಪ (4:20): ...

ಮೈಸೂರು ಅತ್ತೆ (4:24): ಕಟ್ಟೆ ಮೇಲೆ ಈಗ ನಡೆಯೋಕೆ ಬಿಡಲ್ಲ, ನಾವು ಚಿಕ್ಕೋರಿದ್ದಾಗ ನಡೆದ ಹಾಗೆ. ಆದ್ರೆ ತೋಟದಿಂದ ಗೋಡೆ ಪೂರ್ತಿ ಕಾಣುತ್ತೆ, ಬೆಳಕಿದ್ರೆ. ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ನೇರ ಕೆಆರ್‌ಎಸ್‌ಗೆ ಹೋಗಿ, ಅದು ಹತ್ತಿರ. ಅಲ್ಲಿಂದ ಮೈಸೂರು. ಊಟ ನಮ್ಮನೇಲಿ. ಮಧ್ಯಾಹ್ನ ಅರಮನೆ ಒಳಗೆ ನಿಧಾನಕ್ಕೆ ನೋಡಿ. ಕಲ್ಯಾಣ ಮಂಟಪದ ನವಿಲು ಗಾಜು ನೋಡೋಕೆ ಕತ್ತು ಎತ್ತಿ ಐದು ನಿಮಿಷ ಆದ್ರೂ ನಿಲ್ಬೇಕು. ಗ್ಲಾಸ್ಗೋದಿಂದ ತರಿಸಿದ್ದು. 1897ರಲ್ಲಿ ಮದುವೆ ಗದ್ದಲದಲ್ಲೇ ಹಳೆ ಮರದ ಅರಮನೆ ಸುಟ್ಟುಹೋಯ್ತಲ್ಲ, ಅದಾದ ಮೇಲೆ 1912ಕ್ಕೆ ಕಟ್ಟಿ ಮುಗಿಸಿದ್ದು ಇದು. 7 ಗಂಟೆಗೆ ಅಂಗಳದಲ್ಲಿ ಕೂತಿರಿ. ಗಾಡಿ ಹುಡುಕೋ ಹೊತ್ತಿಗೆ ದೀಪ ಹತ್ತಬಾರದು.

ಅಕ್ಕ (4:30): ಝೂ? ಮಕ್ಕಳು ಅಳ್ತಾರೆ.

ಮೈಸೂರು ಅತ್ತೆ (4:31): 45 ನಿಮಿಷದ ಝೂಗಿಂತ ಅಳು ವಾಸಿ. ಒಂದು ಸುತ್ತಿಗೆ ಎರಡು ಮೂರು ಗಂಟೆ ಬೇಕು. ದಸರಾ ರಜೇಲಿ ಬಿಟ್ಟುಹೋಗಿ, ನಾನು ತೋರಿಸ್ತೀನಿ. ಮಂಗಳವಾರ ಬರಬೇಡಿ, ಬಾಗಿಲು ಹಾಕಿರುತ್ತೆ.

ಧಾರವಾಡ ಭಾವ (4:40): ಊಟಕ್ಕ ಏನ್ರಿ ಅತ್ತಿ?

ಮೈಸೂರು ಅತ್ತೆ (4:41): ಬಿಸಿಬೇಳೆ ಭಾತ್. ಜೋಳದ ರೊಟ್ಟಿ ನೀವೇ ಕಟ್ಕೊಂಡು ಬನ್ನಿ.

ಸಂಜೆಯಿಡೀ ದೊಡ್ಡಪ್ಪ ನೀಲಿ ಟಿಕ್ ಬಿಟ್ಟರೆ ಏನೂ ಕೊಡಲಿಲ್ಲ. ನಾನು ಮಾಲ್ ವಿಷಯಕ್ಕೆ ಬೇರೆಯಾಗಿ ಸಾರಿ ಕಳಿಸಿದೆ. ಅದಕ್ಕೆ ಕೆಆರ್‌ಎಸ್ ನೀರಿನ ಮಟ್ಟದ ಪೇಪರ್ ಕಟಿಂಗ್ ಬಂತು.

ದೊಡ್ಡಪ್ಪ (9:48): ಗೈಡಿಗೆ ಫೋನ್ ಮಾಡಿದ್ದೆ. ಕೆಆರ್‌ಎಸ್ ಬೆಳಿಗ್ಗೆಗೆ ಹಾಕ್ತಾನಂತೆ. ಝೂ ಬಿಡಬಹುದಂತೆ, ಚರ್ಚು ಬಿಡಬಹುದಂತೆ, ಬೆಟ್ಟ ಬೇಡ ಅಂದ್ರೂ ಅವನದೇನೂ ಅಭ್ಯಂತರ ಇಲ್ಲ. ಬೆಟ್ಟ ನಾನು ಬಿಡಲಿಲ್ಲ. ರೇಷ್ಮೆ ಮಳಿಗೆ ಮಾತ್ರ ಬಿಡೋ ಹಾಗಿಲ್ಲವಂತೆ. ಬಿಟ್ಟರೆ ತಲೆಗೆ ಇನ್ನೂರು ಹೆಚ್ಚು.

ಜಯನಗರ ಚಿಕ್ಕಮ್ಮ (9:49): ಪಾಪ, ಅವನೂ ಬದುಕಬೇಕಲ್ಲ 😊

ಧಾರವಾಡ ಭಾವ (9:50): ಮಾವಾರ, ಆ ಇನ್ನೂರು ಕೊಟ್ಟುಬಿಡ್ರಿ. ಒಳಗ ಹೋದ್ರ ಇಪ್ಪತ್ತು ಸಾವಿರ.