944 ಟರ್ಬೊ: 1 ಬಾರ್ ಬೂಸ್ಟ್‌ನಲ್ಲಿ ಮಿಸ್ಸಿಂಗ್, ಪೆಟ್ರೋಲ್ ಜಾಸ್ತಿ ಕೊಟ್ಟರೂ ಸರಿಯಾಗುತ್ತಿಲ್ಲ

ಸ್ಟುಟ್‌ಗಾರ್ಟ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1987ರ ಪೋರ್ಶೆ 944 ಟರ್ಬೊ ಇದೆ. 2.5 ಲೀಟರ್, ನಾಲ್ಕು ಸಿಲಿಂಡರ್, 8:1 ಕಂಪ್ರೆಷನ್, ಕಂಪನಿಯಿಂದ ಬಂದಾಗ 220 ಕುದುರೆ ಶಕ್ತಿ. ಈ ಗಾಡಿ ತಯಾರಾದ ನೆಕರ್‌ಸುಲ್ಮ್ ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಚಿಕ್ಕಂದಿನಿಂದ ಆಸೆ ಇಟ್ಟುಕೊಂಡು ಕೊನೆಗೂ ತಗೊಂಡ ಗಾಡಿ, ಅದಕ್ಕೇ ಏನಾದರೂ ಆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಿಂದಿನ ಮಾಲೀಕರು ಹಳೆಯ ಬಾಷ್ ಮೋಟ್ರಾನಿಕ್ ಮತ್ತು ಗಾಳಿ ಅಳೆಯುವ ಆ ದೊಡ್ಡ ಫ್ಲ್ಯಾಪ್ ಮೀಟರ್ ತೆಗೆದು, ಲ್ಯಾಪ್‌ಟಾಪ್‌ನಲ್ಲಿ ಸೆಟ್ ಮಾಡುವ ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದ್ದಾರೆ. ಇಂಜೆಕ್ಟರ್ ದೊಡ್ಡವು, 3 ಬಾರ್ ಫ್ಯೂಯೆಲ್ ರೆಗ್ಯುಲೇಟರ್. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮಾತ್ರ ಹಳೆಯದೇ ಇದೆ, ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಹೊಸದು. ಡ್ಯಾಶ್‌ಬೋರ್ಡಿನ ಬೂಸ್ಟ್ ಗೇಜ್ ಮೊದಲೆಲ್ಲ 1.75 ತೋರಿಸಬೇಕಿತ್ತಂತೆ, ಈಗ 2.0ಕ್ಕೆ ಹೋಗುತ್ತದೆ. (ಈ ಗೇಜ್‌ನಲ್ಲಿ 1 ಅಂದರೆ ಹೊರಗಿನ ಗಾಳಿಯ ಒತ್ತಡ, ಹಾಗಾಗಿ 2.0 ಅಂದರೆ 1 ಬಾರ್ ಬೂಸ್ಟ್, ಟರ್ಬೊ ಹೆಚ್ಚಿಗೆ ತುಂಬುವ ಗಾಳಿಯ ಒತ್ತಡ.)

ತೊಂದರೆ ಏನೆಂದರೆ, ಮೂರನೇ ಗೇರಿನಲ್ಲಿ ಪೂರ್ತಿ ತುಳಿದರೆ 4,500 ಆರ್‌ಪಿಎಂವರೆಗೆ ಸೊಗಸಾಗಿ ಎಳೆಯುತ್ತದೆ, ಆಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಜರ್ಕ್ ಹೊಡೆಯುತ್ತದೆ. ಅದೇ ಕ್ಷಣಕ್ಕೆ ವೈಡ್‌ಬ್ಯಾಂಡ್ ಗೇಜ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವುದು) 11.6ರಿಂದ 14.5ಕ್ಕೆ ಹಾರುತ್ತದೆ. ಲೀನ್ ಆಗುತ್ತಿದೆ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಆ ಜಾಗದಲ್ಲಿ ಪೆಟ್ರೋಲ್ 8% ಜಾಸ್ತಿ ಮಾಡಿದೆ. ಜರ್ಕ್ ಇನ್ನೂ ಹೆಚ್ಚಾಯಿತು. ಪ್ಲಗ್ ತೆಗೆದು ನೋಡಿದರೆ ಕಪ್ಪು ಮಸಿ. ಲೀನ್ ಆದರೆ ಮಸಿ ಯಾಕೆ ಕಟ್ಟುತ್ತದೆ? ತಲೆ ಓಡುತ್ತಿಲ್ಲ.

ಮಿಷಿಗನ್ ಮಂಡ್ಯ

ಮೊದಲು ಆ 8% ವಾಪಸ್ ತೆಗೆಯಿರಿ. ನಿಮ್ಮ ಗಾಡಿ ಲೀನ್ ಆಗುತ್ತಿಲ್ಲ, ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಆಗಾಗ ಸಿಲಿಂಡರ್ ಉರಿಯುತ್ತಿಲ್ಲ.

ವೈಡ್‌ಬ್ಯಾಂಡ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಸೈಲೆನ್ಸರ್ ಪೈಪಿನಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಸಿಲಿಂಡರ್ ಒಂದು ಸಲ ಉರಿಯದೆ ಹೋದರೆ ಅದರ ಪೆಟ್ರೋಲ್ ಮತ್ತು ಆಮ್ಲಜನಕ ಎರಡೂ ಹಾಗೇ ಹೊರಗೆ ಬರುತ್ತವೆ. ಸೆನ್ಸರ್ ಆಮ್ಲಜನಕ ನೋಡಿ ಲೀನ್ ಅನ್ನುತ್ತದೆ, ಪ್ಲಗ್ ಮಾತ್ರ ಪೆಟ್ರೋಲಿನಲ್ಲಿ ನೆನೆದು ಮಸಿ ಹಿಡಿದಿರುತ್ತದೆ. ನಿಮಗೆ ಆಗಿದ್ದು ಇದೇ. ನಿಜವಾಗಿ ಪಂಪ್ ಸಾಲದೆ ಬಂದ ಲೀನ್ ಆಗಿದ್ದರೆ ಗೇಜ್ ಹೀಗೆ ಹಾರುವುದಿಲ್ಲ, 11.6, 11.9, 12.3 ಅಂತ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಆದರೂ ಪೆಟ್ರೋಲ್ ಕಡೆ ಎರಡು ವಿಷಯ ನೋಡಿಬಿಡಿ, ಅನುಮಾನ ಉಳಿಯಬಾರದು. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೇಲ್‌ಗೆ ಪ್ರೆಷರ್ ಗೇಜ್ ಹಾಕಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ 3 ಬಾರ್ ಇದ್ದರೆ, ಪೈಪ್ ಹಾಕಿ 1 ಬಾರ್ ಬೂಸ್ಟ್ ಕೊಟ್ಟಾಗ 4 ಬಾರ್ ಇರಲೇಬೇಕು. ಎರಡನೆಯದು ಇಂಜೆಕ್ಟರ್. 6,000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಸೈಕಲ್‌ಗೆ 20 ಮಿಲಿಸೆಕೆಂಡ್ ಸಿಗುತ್ತದೆ. ಇಸಿಯು ದಾಖಲಿಸುವ ಲಾಗ್‌ನಲ್ಲಿ ಇಂಜೆಕ್ಟರ್ 13 ಮಿಲಿಸೆಕೆಂಡ್ ತೆರೆದಿದ್ದರೆ 65%, ಏನೂ ಭಯವಿಲ್ಲ. 85% ದಾಟಿದರೆ ಮಾತ್ರ ಯೋಚನೆ.

ಆಮೇಲೆ ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ. ಬೂಸ್ಟ್ ಜಾಸ್ತಿ ಆದಷ್ಟೂ ಸಿಲಿಂಡರಿನೊಳಗೆ ಗಾಳಿ ಒತ್ತೊತ್ತಾಗಿರುತ್ತದೆ, ಕಿಡಿ ಹಾರುವುದಕ್ಕೆ ವೋಲ್ಟೇಜ್ ಜಾಸ್ತಿ ಬೇಕು. ಗ್ಯಾಪ್ 0.6 ಮಿಲಿಮೀಟರ್‌ಗೆ ಇಳಿಸಿ. ಇಸಿಯುನಲ್ಲಿ ಕಾಯಿಲ್‌ನ ಡ್ವೆಲ್ (ಪ್ರತಿ ಕಿಡಿಗೆ ಮುಂಚೆ ಅದು ಚಾರ್ಜ್ ಆಗುವ ಸಮಯ) ಎಷ್ಟಿದೆ ನೋಡಿ, ಹಾಗೇ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಟಾರ್ಚ್ ಬಿಟ್ಟು ಕಿಡಿ ಸೋರಿದ ಕಪ್ಪು ಗೆರೆ ಏನಾದರೂ ಇದೆಯಾ ನೋಡಿ.

ಆಟೋಬಾನ್ ರಸಿಕ

ನಾನಾಗಿದ್ದರೆ 102 ಆಕ್ಟೇನ್ ಪೆಟ್ರೋಲ್ ಹಾಕಿಸಿ ನೋಡುತ್ತಿದ್ದೆ. ಜರ್ಮನಿಯಲ್ಲಿ ಬಂಕ್‌ನಲ್ಲೇ ಸಿಗುತ್ತದಲ್ವಾ.

ಪೀಣ್ಯದವನು

102 ಹಾಕಿಸಬೇಡಿ, ಈಗಲೇ ಬೇಡ. ಒಳ್ಳೆ ಪೆಟ್ರೋಲ್ ಬೇಡ ಅಂತಲ್ಲ. ಒಳಗಿರುವ ತಪ್ಪನ್ನು ಅದು ಮುಚ್ಚಿಡುತ್ತದೆ, ಮುಂದೆ ಒಂದು ದಿನ ಸಾದಾ ಪೆಟ್ರೋಲ್ ಹಾಕಿಸಿದಾಗ ಪಿಸ್ಟನ್ ಹೋಗುತ್ತದೆ.

ಮಂಡ್ಯದವರು ಹೇಳಿದ್ದು ಪೂರ್ತಿ ಸರಿ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಟೈಮಿಂಗ್, ಅಂದರೆ ಪಿಸ್ಟನ್ ತುತ್ತತುದಿಗೆ ಬರುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಅನ್ನುವುದು. ನಿಮ್ಮ ಗಾಡಿಯಲ್ಲಿ ಮೊದಲು ಕೆಎಲ್‌ಆರ್ ಅಂತ ಒಂದು ಪೆಟ್ಟಿಗೆ ಇತ್ತು. ಎಂಜಿನ್ ನಾಕ್ ಆದರೆ (ಒಳಗಿನ ಮಿಶ್ರಣ ತಾನಾಗೇ ಸಿಡಿದರೆ) ಅದನ್ನು ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ಎಳೆಯುತ್ತಿತ್ತು, ಬೂಸ್ಟ್ ಕೂಡ ಇಳಿಸುತ್ತಿತ್ತು. ಇಸಿಯು ಬದಲಾಯಿಸಿದಾಗ ಅದೂ ಹೋಗಿರುತ್ತದೆ. ಅಂದರೆ ಈಗ ಆ ಎಂಜಿನ್‌ಗೆ ಕಾವಲುಗಾರನೇ ಇಲ್ಲ.

ಒಂದು ಪ್ರಶ್ನೆ. ಲ್ಯಾಪ್‌ಟಾಪ್‌ನಲ್ಲಿ 18 ಡಿಗ್ರಿ ಅಂತ ಇದ್ದರೆ ಎಂಜಿನ್‌ನಲ್ಲೂ 18 ಇದೆ ಅಂತ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ಲೈಟ್) ಹಿಡಿದು ನೋಡಿದ್ದೀರಾ? ಇಸಿಯುಗೆ ಪಿಸ್ಟನ್ ಕಣ್ಣಿಗೆ ಕಾಣುವುದಿಲ್ಲ, ಫ್ಲೈವೀಲ್ ಸೆನ್ಸರಿನಿಂದ ಲೆಕ್ಕ ಹಾಕುತ್ತದೆ. ಸೆಟ್ ಮಾಡಿದವರು ಆ ಲೆಕ್ಕದ ಕೋನ ತಪ್ಪಾಗಿ ತುಂಬಿಸಿದ್ದರೆ ಇಸಿಯು ನೋಡುವ ಪಟ್ಟಿಯಲ್ಲಿ, ಅಂದರೆ ಮ್ಯಾಪ್‌ನಲ್ಲಿರುವ ಪ್ರತಿಯೊಂದು ಅಂಕಿಯೂ ಅಷ್ಟೇ ತಪ್ಪು.

ಹೀಗೆ ಮಾಡಿ. ಬೆಲ್‌ಹೌಸಿಂಗ್‌ನ ಕಿಂಡಿಯಲ್ಲಿ ಕನ್ನಡಿ ಹಿಡಿದು ನೋಡಿದರೆ ಫ್ಲೈವೀಲ್ ಮೇಲೆ ಓಟಿ ಅನ್ನುವ ಗುರುತು ಕಾಣುತ್ತದೆ, ಜರ್ಮನ್ನರ ಟಿಡಿಸಿ ಅದು, ಪಿಸ್ಟನ್ ತುತ್ತತುದಿಗೆ ಬಂದ ಜಾಗ. ಮೊದಲನೇ ಸಿಲಿಂಡರನ್ನು ಅಲ್ಲಿಗೆ ತಂದು ನಿಲ್ಲಿಸಿ. ಎಂಜಿನ್ ಓಡುವಾಗ ಆ ಕಿಂಡಿಗೆ ಲೈಟ್ ಹಿಡಿಯುವುದು ಕಷ್ಟ, ಅದಕ್ಕೇ ಮುಂದೆ ಕ್ರ್ಯಾಂಕ್ ಪುಲ್ಲಿ ಮೇಲೆ ಬಿಳಿ ಬಣ್ಣದ ಗೆರೆ ಎಳೆದು, ಎದುರಿಗೆ ಒಂದು ತಂತಿ ಮುಳ್ಳು ಬಿಗಿಯಿರಿ. ಪುಲ್ಲಿಯ ಸುತ್ತಳತೆಯನ್ನು 36ರಿಂದ ಭಾಗಿಸಿದರೆ 10 ಡಿಗ್ರಿಗೆ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. ಅಲ್ಲಿ ಇನ್ನೊಂದು ಗೆರೆ. ಆಮೇಲೆ ಇಸಿಯುನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಫಿಕ್ಸ್ ಮಾಡಿ ಲೈಟ್ ಹಿಡಿಯಿರಿ. ಹಾಗೇ 4,000ದವರೆಗೆ ರೇಸ್ ಕೊಡಿ. ಗೆರೆ ಅಲ್ಲೇ ನಿಲ್ಲಬೇಕು. ಆರ್‌ಪಿಎಂ ಏರಿದಂತೆ ಜರುಗಿದರೆ ಸೆನ್ಸರಿನ ಎರಡು ವೈರ್ ಅದಲುಬದಲಾಗಿದೆಯಾ ನೋಡಬೇಕು.

ಇದು ಮುಗಿಯುವವರೆಗೆ ದಯವಿಟ್ಟು ಬೂಸ್ಟ್‌ನಲ್ಲಿ ಓಡಿಸಬೇಡಿ. ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ, ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳಿದ್ದರೆ ಹೇಳಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಶನಿವಾರ ಇಡೀ ದಿನ ಇದೇ ಕೆಲಸ. ಪ್ರೆಷರ್ ಸರಿ ಇದೆ, 4 ಬಾರ್ ಬರುತ್ತದೆ. ಪ್ಲಗ್ ಗ್ಯಾಪ್ 0.9 ಇತ್ತು! ಡ್ವೆಲ್ 2 ಮಿಲಿಸೆಕೆಂಡ್ ಇಟ್ಟಿದ್ದರು, ಕಾಯಿಲ್ ಜೊತೆ ಬಂದ ಹಾಳೆಯಲ್ಲಿ 3.5 ಅಂತ ಇದೆ. ಎರಡನ್ನೂ ಸರಿ ಮಾಡಿದೆ.

ಆಮೇಲೆ ಲೈಟ್ ಹಿಡಿದೆ. ಲ್ಯಾಪ್‌ಟಾಪ್ 10 ಅನ್ನುತ್ತದೆ, ಪುಲ್ಲಿ 16 ಅನ್ನುತ್ತದೆ. ಮೂರು ಸಲ ನೋಡಿದೆ, ಓಟಿ ಗುರುತನ್ನೂ ಮತ್ತೆ ನೋಡಿದೆ, 16ಏ. ರೇಸ್ ಕೊಟ್ಟರೆ ಗೆರೆ ಅಲ್ಲಾಡುವುದಿಲ್ಲ, ಹಾಗಾಗಿ ವೈರಿಂಗ್ ಸರಿ, ಕೋನ ಮಾತ್ರ ತಪ್ಪು. 1 ಬಾರ್ ಬೂಸ್ಟ್‌ನಲ್ಲಿ 18 ಅಂತ ನಂಬಿಕೊಂಡು ನಾನು 24ರಲ್ಲಿ ಓಡಿಸುತ್ತಿದ್ದೆ. ಮೂರನೇ ಸಿಲಿಂಡರಿನ ಪ್ಲಗ್‌ನಲ್ಲಿ ನೀವು ಹೇಳಿದ ಚುಕ್ಕೆಗಳಿವೆ, ಹೊಳೆಯುತ್ತವೆ. ಕೈ ನಡುಗಿತು.

ಪೀಣ್ಯದವನು

ಆ ಹೊಳೆಯುವ ಚುಕ್ಕೆ ಪಿಸ್ಟನ್‌ನ ಅಲ್ಯೂಮಿನಿಯಂ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅದರ ಜೊತೆ ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅನ್ನುವ ಟೆಸ್ಟ್) ಕೂಡ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದರೆ ಬಚಾವ್. ನಾಕಿಂಗ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಕೂಡ ಹೋಗುತ್ತದೆ, ಕೂಲೆಂಟ್ ಮೇಲೆ ಒಂದು ಕಣ್ಣಿಡಿ.

ಕೋನ ಸರಿ ಮಾಡಿದ ಮೇಲೆ ನಾನಾಗಿದ್ದರೆ 1 ಬಾರ್‌ನಲ್ಲಿ 12 ಡಿಗ್ರಿಯಿಂದ ಶುರು ಮಾಡುತ್ತೇನೆ, ಅದೂ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, ರಸ್ತೆಯಲ್ಲಿ ಅಲ್ಲ. ಒಂದೊಂದೇ ಡಿಗ್ರಿ ಏರಿಸಿ. ಟಾರ್ಕ್ ಏರುವುದು ನಿಂತ ಕೂಡಲೇ 2 ಡಿಗ್ರಿ ವಾಪಸ್ ಬಂದುಬಿಡಿ. ಹಾಗಂತ ಸುಮ್ನೆ ಭಯಕ್ಕೆ ತುಂಬಾ ಕಡಿಮೆ ಇಡಬೇಡಿ, ಬೆಂಕಿ ತಡವಾಗಿ ಹತ್ತಿದರೆ ಬಿಸಿಯೆಲ್ಲ ಟರ್ಬೊ ಕಡೆಗೆ ಹೋಗುತ್ತದೆ. ಬ್ಲಾಕ್‌ನ ನಾಕ್ ಸೆನ್ಸರ್ ಇನ್ನೂ ಅಲ್ಲೇ ಇದ್ದರೆ ಹೊಸ ಇಸಿಯುಗೆ ಜೋಡಿಸಿ. ಇಲ್ಲದಿದ್ದರೆ ನಾನು ಮಾಡುವ ಹಾಗೆ, ತಾಮ್ರದ ಪೈಪಿನ ತುದಿ ಚಪ್ಪಟೆ ಮಾಡಿ ಬ್ಲಾಕ್‌ಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಕಿವಿಗೆ ಇಟ್ಟುಕೊಳ್ಳಿ. ನಾಕಿಂಗ್ ಶುರುವಾದರೆ ತಗಡಿನ ಡಬ್ಬಿಯಲ್ಲಿ ಕಡಲೆಬೀಜ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಮಿಷಿಗನ್ ಮಂಡ್ಯ

ಪೆಟ್ರೋಲ್ ಮ್ಯಾಪ್ ಕೂಡ ಮತ್ತೆ ನೋಡಿ. ಮಿಸ್ಸಿಂಗ್ ಇದ್ದಾಗ ಬರೆದ ಲಾಗ್ ಯಾವುದನ್ನೂ ನಂಬಬೇಡಿ. ಬೂಸ್ಟ್‌ನಲ್ಲಿ 11.5ರಿಂದ 11.8 ಇದ್ದರೆ ಸಾಕು.

ಸ್ಟುಟ್‌ಗಾರ್ಟ್ ಕನ್ನಡಿಗ

ಕಂಪ್ರೆಷನ್ ಮಾಡಿಸಿದೆ, ನಾಲ್ಕೂ ಸಮ ಇವೆ, ಲೀಕ್‌ಡೌನ್ ಕೂಡ ಚೆನ್ನಾಗಿದೆ. ನಿನ್ನೆ ಡೈನೋದಲ್ಲಿ ನಾಕ್ ಸೆನ್ಸರ್ ಜೋಡಿಸಿಕೊಂಡೇ 12ರಿಂದ ಶುರು ಮಾಡಿದೆವು. 16ರ ಮೇಲೆ ಟಾರ್ಕ್ ಏರಲಿಲ್ಲ, 14ಕ್ಕೆ ನಿಲ್ಲಿಸಿದೆವು. 6,200ರವರೆಗೆ ಒಂದೇ ಸಮ ಎಳೆಯುತ್ತದೆ, ಗೇಜ್ 11.7ರಲ್ಲಿ ಅಲುಗದೆ ನಿಂತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಐಡಲ್ ಏರಿಳಿಯುತ್ತದೆ, ಲಾಗ್ ಹಾಕುತ್ತೇನೆ, ಬಿಡುವಾದಾಗ ನೋಡಿ.