ಸವಳು ನೀರಿನ ಸಿಗಡಿಗೆ ಯಾವ ಖನಿಜ, ಎಷ್ಟು?

ಪ್ರಶ್ನೆ (ಜಮಖಂಡಿ ತಾಲೂಕಿನ ರೈತ):
ನಮಸ್ಕಾರ್ರಿ ಸರ್. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾದ ಹೊಲದಾಗ 20 ಗುಂಟೆ ಹೊಂಡ ತಗದು, ಇಲಾಖೆ ಅನುಮತಿ ತಗೊಂಡು ವನಾಮಿ ಸಿಗಡಿ ಬಿಟ್ಟೀವಿ. ಇವತ್ತಿಗೆ 38 ದಿನ. ನೀರು ನಾಕು ಅಡಿ, ಉಪ್ಪಿನಂಶ 3 ಪಿಪಿಟಿ (ಲೀಟರಿಗೆ 3 ಗ್ರಾಂ). ಹದಿನೈದು ದಿನದಿಂದ ಚೆಕ್ ಟ್ರೇ (ಮೇವು ತಿಂದಾವಿಲ್ಲೋ ನೋಡೋ ತಟ್ಟೆ) ಎತ್ತಿದ ಕೂಡಲೇ ಕೆಲವು ಸಿಗಡಿ ಕೊಕ್ಕೆ ಹಂಗ ಬಾಗಿ ಸೆಟಗೊಳ್ಳಾಕತ್ತಾವು. ಬಾಲದ ಮಾಂಸ ಬೆಳ್ಳಗ, ಚಿಪ್ಪು ಮೆತ್ತಗ. ದಿನಾ ಮುಂಜಾನೆ ದಂಡಿಗೆ ಹತ್ತಿಪ್ಪತ್ತು ಸತ್ತು ಬಿದ್ದಿರತಾವು. ಔಷಧ ಅಂಗಡಿಯವರು ಕ್ಯಾಲ್ಸಿಯಂ ಕಮ್ಮಿ ಆಗೇತಿ, ವಾರಕ್ಕ 10 ಕೆ.ಜಿ. ಮಿನರಲ್ ಪುಡಿ ಹಾಕ್ರಿ ಅಂದ್ರು. ಎರಡು ಸಲ ಹಾಕೀವಿ, ಗುಣ ಕಾಣವಲ್ದು. ನೀರಿನ ರಿಪೋರ್ಟ್: ಸೋಡಿಯಂ 750, ಕ್ಯಾಲ್ಸಿಯಂ 150, ಮೆಗ್ನೀಷಿಯಂ 70, ಪೊಟ್ಯಾಸಿಯಂ 6, ಎಲ್ಲಾ ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಏನ್ ಮಾಡೂಣ್ರಿ?

ಉತ್ತರ (ಮೀನುಗಾರಿಕೆ ತಜ್ಞ):
ರಿಪೋರ್ಟ್ ಜತೆಗೇ ಹಾಕಿದ್ದು ಬಹಳ ಒಳ್ಳೇದಾತ್ರಿ ಅಣ್ಣಾರ. ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇಲ್ಲ, ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ. ಇಲ್ಲದಿರುವುದು ಪೊಟ್ಯಾಸಿಯಂ.

ವನಾಮಿ ಮೂಲತಃ ಸಮುದ್ರದ ಜೀವಿ. ಸಮುದ್ರದ ನೀರಿನಲ್ಲಿ ಸೋಡಿಯಂ 27-28 ಪಾಲಿದ್ದರೆ ಪೊಟ್ಯಾಸಿಯಂ 1 ಪಾಲು. ಉಪ್ಪು ಕಡಿಮೆಯಾದರೂ ಸಿಗಡಿ ತಾಳಿಕೊಳ್ಳುತ್ತದೆ, ಆದರೆ ಈ ಪ್ರಮಾಣ ಕೆಟ್ಟರೆ ತಾಳುವುದಿಲ್ಲ. ನಿಮ್ಮಲ್ಲಿ ಅದು 125ಕ್ಕೆ 1 ಆಗಿದೆ. ಕಿವಿರಿನಲ್ಲಿ ಉಪ್ಪನ್ನು ಒಳಗೆ ಹೊರಗೆ ಸಾಗಿಸುವ ಕೆಲಸಕ್ಕೆ ಪೊಟ್ಯಾಸಿಯಂ ಬೇಕೇ ಬೇಕು. ಅದು ಸಾಲದಿದ್ದಾಗ ಟ್ರೇ ಎತ್ತುವಷ್ಟು ಗಾಬರಿ ಸಾಕು, ಸ್ನಾಯು ಸೆಟೆದುಕೊಳ್ಳುತ್ತದೆ. ಚಿಪ್ಪು ಮೆತ್ತಗಿರುವುದೂ ಇದರ ಜತೆಗೇ ಬಂದದ್ದು. ಪೊರೆ ಬಿಟ್ಟ (ಹಳೆ ಚಿಪ್ಪು ಕಳಚಿದ) ಮೇಲೆ ನೀರಿನಿಂದ ಖನಿಜ ಎಳೆದುಕೊಳ್ಳುವ ಶಕ್ತಿಯೇ ಕುಂದಿದ್ದರೆ, ಸುತ್ತಲೂ ಕ್ಯಾಲ್ಸಿಯಂ ಇದ್ದರೂ ಉಪಯೋಗವಿಲ್ಲ.

ಈಗ ಲೆಕ್ಕ. ಪ್ರತಿ 1 ಪಿಪಿಟಿಗೆ ಪೊಟ್ಯಾಸಿಯಂ 10.7 ಪಿಪಿಎಂ ಬೇಕು. 3 ಪಿಪಿಟಿಗೆ 32. ನಿಮ್ಮಲ್ಲಿ 6 ಇದೆ, ಕೊರತೆ 26. 20 ಗುಂಟೆಗೆ ನಾಲ್ಕು ಅಡಿ ಅಂದರೆ ಸುಮಾರು 24 ಲಕ್ಷ ಲೀಟರ್ ನೀರು. ಅಷ್ಟಕ್ಕೆ 62 ಕೆ.ಜಿ. ಪೊಟ್ಯಾಸಿಯಂ ಬೇಕಾಗುತ್ತದೆ. ನೀವು ಹಾಕಿದ 10 ಕೆ.ಜಿ. ಪುಡಿ ಪೂರ್ತಿ ಪೊಟ್ಯಾಸಿಯಂ ಆಗಿದ್ದರೂ ಏರುವುದು 4 ಪಿಪಿಎಂ! ಅದಕ್ಕೇ ಗುಣ ಕಂಡಿಲ್ಲ. ರೈತರ ದುಡ್ಡು ಹೀಗೆ ನೀರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಬ್ಬಿಗೆ ಹಾಕುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರ ಸಾಕು. ಚೀಲದ ಮೇಲೆ 60 ಅಂತ ಬರೆದಿರುವುದು ಪೊಟ್ಯಾಷ್ ಲೆಕ್ಕ, ಶುದ್ಧ ಪೊಟ್ಯಾಸಿಯಂ ಗೊಬ್ಬರದ ನೂರು ಪಾಲಿನಲ್ಲಿ ಸುಮಾರು 50 ಮಾತ್ರ. ಹಾಗಾಗಿ 125 ಕೆ.ಜಿ., ಅಂದರೆ 50 ಕೆ.ಜಿ.ಯ ಎರಡೂವರೆ ಚೀಲ. ಒಮ್ಮೆಗೇ ಸುರಿಯಬೇಡಿ. ನಾಲ್ಕು ಸಂಜೆಗೆ ಹಂಚಿ, ಡ್ರಮ್ಮಿನಲ್ಲಿ ಕರಗಿಸಿ, ನೀರಿಗೆ ಗಾಳಿ ಕೊಡುವ ಏರೇಟರ್ ಓಡುತ್ತಿರುವಾಗ ಹೊಂಡದ ತುಂಬ ಎರಚಿ. ಪೊರೆ ಬಿಡುವುದು ಹೆಚ್ಚಾಗಿ ರಾತ್ರಿ, ಅದಕ್ಕೇ ಸಂಜೆ ಅಂದೆ.

ಮೆಗ್ನೀಷಿಯಂ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಸಮುದ್ರದ ಪ್ರಮಾಣದಲ್ಲಿ 117 ಬೇಕು, ನಿಮ್ಮಲ್ಲಿ 70 ಇದೆ. ಅಷ್ಟು ತುಂಬಿಸಲು ಮೆಗ್ನೀಷಿಯಂ ಸಲ್ಫೇಟ್ ಒಂದು ಟನ್ನಿಗೂ ಮೀರಿ ಬೇಕಾಗುತ್ತದೆ. ಕ್ಯಾಲ್ಸಿಯಂಗೆ ಮೂರು ಪಟ್ಟು ಮೆಗ್ನೀಷಿಯಂ ಇರಲೇಬೇಕು ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ದುಡ್ಡು ಹಾಕಬೇಡಿ. ಸದ್ಯ 70ರಲ್ಲಿ ನಡೆಯುತ್ತದೆ, ಮೊದಲು ಪೊಟ್ಯಾಸಿಯಂ ಸರಿಯಾಗಲಿ.

ಇನ್ನೊಂದು. ಸೆಟೆತ ಬಿಸಿಲಲ್ಲಿ ಟ್ರೇ ಎತ್ತಿದರೂ ಬರುತ್ತದೆ, ಬೆಳಗಿನ ಜಾವ ಆಮ್ಲಜನಕ ಇಳಿದಾಗಲೂ ಬರುತ್ತದೆ. ಏರೇಟರ್ ಓಡಿಸಿಟ್ಟು, ಬಿಸಿಲಿಲ್ಲದ ತಂಪೊತ್ತಿಗೆ ಎತ್ತಿ ನೋಡಿ. ಚಿಪ್ಪಿನ ಒಳಮೈಯಲ್ಲಿ ಬಿಳಿ ಚುಕ್ಕೆ ಕಂಡರೆ, ಬಾಲದ ಮಾಂಸ ಬೆಳ್ಳಗಾಗಿ ಕೆಂಪಾಗತೊಡಗಿದರೆ ಅದು ಖನಿಜದ ಮಾತಲ್ಲ, ವೈರಸ್ ರೋಗ ಇರಬಹುದು. ರೋಗ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಗೆ ಸಿಗಡಿ ಕಳಿಸಿ, ಆ ನೀರು ಎಲ್ಲೂ ಬಿಡಬೇಡಿ.

ಪ್ರಶ್ನೆ (ಇಂಡಿ ಕಡೆಯವರು):
ಸರ, ನಮ್ಮದು ಸಿಹಿ ನೀರಿನ ಬೋರು. ಉಪ್ಪಿನ ಮೂಟೆ ಹಾಕಿ 3 ಪಿಪಿಟಿ ಮಾಡಿ ಸಿಗಡಿ ಬಿಡಬಹುದೇನ್ರಿ?

ಉತ್ತರ:
ದಯವಿಟ್ಟು ಬೇಡ. ಅಡಿಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೇನೂ ಹೆಚ್ಚಿಲ್ಲ, ಪೊಟ್ಯಾಸಿಯಂ ಕೊರತೆ ಹಾಗೇ ಉಳಿಯುತ್ತದೆ. ಅದಕ್ಕಿಂತ ದೊಡ್ಡದು ನಿಮ್ಮ ಯರಿಭೂಮಿ. ಚೆನ್ನಾಗಿರುವ ಹೊಲಕ್ಕೆ ನಾವೇ ಉಪ್ಪು ಹಾಕಿ ಸವಳು ಮಾಡಿದರೆ ನಿಮ್ಮ ದ್ರಾಕ್ಷಿ, ಪಕ್ಕದವರ ಲಿಂಬಿ ಗಿಡ ಎಲ್ಲ ಹೋಗುತ್ತವೆ. ಹರಿಯಾಣದ ರೋಹ್ತಕ್ ಹತ್ತಿರ ಲಾಹ್ಲಿಯಲ್ಲಿ, ಪಂಜಾಬಿನ ಮುಕ್ತಸರದಲ್ಲಿ ಒಳನಾಡ ಸಿಗಡಿ ಬೆಳೆದದ್ದು ಮೊದಲೇ ಉಪ್ಪಾಗಿದ್ದ ನೆಲದ ನೀರಿನಲ್ಲಿ. ನಿಮಗೆ ಕಾಟ್ಲಾ, ರೋಹು ಒಳ್ಳೆಯದು. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ, ಅಲ್ಲಿ ಕೇಳಿ.

ಪ್ರಶ್ನೆ (ಅಥಣಿ):
ಮರಿ ತರೋ ಮೊದಲು ಏನ್ ನೋಡಬೇಕ್ರಿ? ಕಳೆದ ಸಲ ಬಿಟ್ಟ ಮೂರು ದಿನಕ್ಕ ಅರ್ಧ ಹೋದವು.

ಉತ್ತರ:
ಪೊಟ್ಯಾಸಿಯಂ ಮರಿ ಬರುವ ಮುಂಚೆಯೇ ನೀರಿಗೆ ಬಿದ್ದಿರಬೇಕು. ನಿಮ್ಮ ನೀರಿನ ಉಪ್ಪಿನಂಶ ಮರಿ ಮಾಡುವ ಹ್ಯಾಚರಿಗೆ ತಿಳಿಸಿ, ಮರಿಗಳಿರುವ ನೀರಿನ ಉಪ್ಪನ್ನು ಅದಕ್ಕೆ ಹತ್ತಿರ ಇಳಿಸಿಕೊಡಲು ಹೇಳಿ. ಕಡಿಮೆ ಉಪ್ಪಿಗೆ 15 ದಿನ ದಾಟಿದ ಮರಿ ವಾಸಿ, ಅಷ್ಟೊತ್ತಿಗೆ ಕಿವಿರು ಬಲಿತಿರುತ್ತದೆ. ಲೋಡ್ ತರಿಸುವ ಮುಂಚೆ ಹೊಂಡದ ನೀರು ತುಂಬಿದ ಬಕೆಟ್ಟಿಗೆ ಗಾಳಿ ಕೊಟ್ಟು 100 ಮರಿ ಬಿಟ್ಟು ಎರಡು ದಿನ ಕಾಯಿರಿ. ಅಲ್ಲೇ ಸತ್ತರೆ ಹೊಂಡದಲ್ಲೂ ಸಾಯುತ್ತವೆ.

ಜಮಖಂಡಿಯ ರೈತ, ಹನ್ನೆರಡು ದಿನದ ಮೇಲೆ:
ಸರ್, ಸೆಟೆಯೋದು ಬಹಳ ಕಮ್ಮಿ ಆಗೇತ್ರಿ. ಎರಡು ದಿನದಿಂದ ಸತ್ತಿದ್ದು ಕಂಡಿಲ್ಲ. ಆದರ ಮತ್ತ ಟೆಸ್ಟ್ ಮಾಡಿಸಿದ್ರ ಪೊಟ್ಯಾಸಿಯಂ 24 ಬಂತು, 32 ಅಲ್ಲ. ಲೆಕ್ಕ ತಪ್ಪಿತೇನ್ರಿ?

ಉತ್ತರ:
ಲೆಕ್ಕ ತಪ್ಪಿಲ್ರಿ, ಉಳಿದದ್ದನ್ನು ಹೊಂಡದ ಯರಿಮಣ್ಣು ಹಿಡಿದುಕೊಂಡಿದೆ. ಜಿಗುಟು ಮಣ್ಣು ಪೊಟ್ಯಾಸಿಯಂ ಎಳೆದುಕೊಳ್ಳುತ್ತದೆ, ಮೊದಲ ಬೆಳೆಯಲ್ಲಿ ಹೆಚ್ಚು. ಕೊರತೆ 8 ಪಿಪಿಎಂ ಅಂದರೆ ಇನ್ನು 40 ಕೆ.ಜಿ. ಎಂಒಪಿ, ಎರಡು ಸಂಜೆಗೆ. ನಮ್ಮ ಬಿಸಿಲಿಗೆ ಇಳಿದ ನೀರನ್ನು ಬೋರಿನಿಂದ ತುಂಬಿದಾಗಲೆಲ್ಲ ಸೋಡಿಯಂ, ಕ್ಯಾಲ್ಸಿಯಂ ಸೇರುತ್ತವೆ, ಪೊಟ್ಯಾಸಿಯಂ ಸೇರುವುದಿಲ್ಲ. ಕೆನಾಲ್ ನೀರು ತುಂಬಿದರೆ ಇರುವುದೂ ತೆಳುವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ನೀರು ಪರೀಕ್ಷೆಗೆ ಕಳಿಸ್ರಿ. ಸಿಗಡಿ ಹಿಡಿದು ಮುಗಿದ ಮೇಲೆ ಆ ನೀರನ್ನು ಹಳ್ಳಕ್ಕಾಗಲಿ ಕೆನಾಲಿಗಾಗಲಿ ಬಿಡದೆ, ಪಕ್ಕದ ಗುಂಡಿಯಲ್ಲಿ ಹಿಡಿದಿಟ್ಟು ಮುಂದಿನ ಬೆಳೆಗೆ ಬಳಸ್ರಿ. ನೀವು ಕೊಂಡ ಪೊಟ್ಯಾಷ್ ಅದರಲ್ಲೇ ಇದೆ.